ಮೌನ ಚಾರಣದ ಉದ್ಘಾಟನೆ

ಸಮಸ್ತ ನಾಗರಿಕರಿಗೆ ತಿಳಿಯಪಡಿಸುವುದೇನೆಂದರೆ, ನಮ್ಮ ಬಡಾವಣೆಯ ವಾಯುವಿಹಾರ ಸಂಘವು ಕಳೆದ ಭಾನುವಾರ ಪಾರ್ಕು ಬಿಟ್ಟು ಹೊರಗೆ ಕಾಲಿಟ್ಟಿತು. ಕೊಡಲಿ ಕಾಣದ ಹಳೆಯ ಕಾಡಿನಲ್ಲಿ ಒಂದು ದಿನದ ಮೌನ ಚಾರಣ. ಒಳಗಿರುವ ಮುತ್ತಜ್ಜನಂಥ ಮರವೊಂದನ್ನು ನೋಡಿ ಬರುವುದು ಉದ್ದೇಶ.

ಮೌನಕ್ಕೂ ಉದ್ಘಾಟನೆ ಬೇಕಲ್ಲ? ಕಾಡಿನ ಗೇಟಿನೆದುರೇ ಮೈಕು, ಬ್ಯಾನರು, ಕುರ್ಚಿಗಳು ಬಂದವು. ಪ್ರಾರ್ಥನೆ, ಸ್ವಾಗತ, ಪ್ರಾಸ್ತಾವಿಕ ನುಡಿ ಮುಗಿದ ಮೇಲೆ ಅಧ್ಯಕ್ಷ ಪರಮಶಿವಯ್ಯನವರು ಮೌನದ ಮಹತ್ವ ಕುರಿತು ಮಾತು ಶುರು ಮಾಡಿದರು.

ಹಿಂದಿನ ಸಾಲಿನಿಂದ ವಾರಿಜಕ್ಕ ಕೈಯೆತ್ತಿದರು. "ಅಧ್ಯಕ್ಷರೇ, ನಾಡಿದ್ದು ನನ್ನ ಮಂಡಿ ಆಪರೇಷನ್ನು. ಅಷ್ಟರೊಳಗೆ ಆ ಮರ ಒಂದ್ಸಲ ನೋಡ್ಬೇಕು. ಹೊರಡೋಣ್ವಾ?"

"ಶ್! ಮೌನ ಅಕ್ಕಾ, ಮೌನ!" ಎಂದರು ಅಧ್ಯಕ್ಷರು, ಮೈಕಿನಲ್ಲೇ.

ವಾರಿಜಕ್ಕ ಕೈ ಇಳಿಸಿ, ಪಕ್ಕದಲ್ಲಿದ್ದ ಕೋಲು ಎತ್ತಿಕೊಂಡರು.

ಭಾಷಣ ಮುಗಿದು ಸನ್ಮಾನವಾಯಿತು. ಸನ್ಮಾನಿತರೂ ಮೌನದ ಬಗ್ಗೆ ಎರಡು ಮಾತು ಆಡಿದರು. ಎರಡೂ ಬಹಳ ಉದ್ದವಾಗಿದ್ದವು. ವಂದನಾರ್ಪಣೆಯಾದ ಮೇಲೆ ಅಧ್ಯಕ್ಷರು ಶಲ್ಯ ಕೊಡವಿ, "ಈಗ ಎಲ್ಲರೂ ಒಳಕ್ಕೆ!" ಎಂದು ಘೋಷಿಸಿದರು.

ಗೇಟಿನ ಗಾರ್ಡು ಸರಪಳಿ ಎಳೆದು ಬೀಗ ಹಾಕುತ್ತಿದ್ದ. "ಮಧ್ಯಾಹ್ನದ ಮೇಲೆ ಒಳಗೆ ಬಿಡಂಗಿಲ್ಲ ಸಾರ್. ರೂಲ್ಸು. ಇನ್ನು ಹೊರಗೆ ಬರೋರಿಗೆ ಮಾತ್ರ ಗೇಟು."

"ಬೆಳಗ್ಗೆಯಿಂದ ಇಲ್ಲೇ ಇದ್ದೀವಲ್ರೀ! ಒಳಗೆ ಯಾರು ಹೋಗಿದ್ದಾರೆ, ಹೊರಗೆ ಬರೋಕೆ?"

ಅಷ್ಟರಲ್ಲಿ ಗೇಟಿನ ಆಚೆಯಿಂದ ಕೋಲೂರುತ್ತಾ ವಾರಿಜಕ್ಕ ಬಂದರು.

"ಸ್ವಲ್ಪ ಬೀಗ ತೆಗಿಯಪ್ಪಾ. ಮರ ತುಂಬಾ ಚೆನ್ನಾಗಿದೆ ಅಧ್ಯಕ್ಷರೇ. ವಂದನಾರ್ಪಣೆ ಮುಗೀತಾ?"