ಬಣ್ಣಕ್ಕೊಂದು ಮೀನು

ರಾಗಿ ಕೊಯ್ಲು ಮುಗಿದು ಅವರೆಕಾಯಿಗೆ ಸೊಗಡು ಏರುವ ಕಾಲ. ಇಬ್ಬನಿ ಆರಿ ಹೊತ್ತು ಮಾರುದ್ದ ಮೇಲೆ ಬಂದಿತ್ತು. ಭೇರ್ಯದ ಸಣ್ಣಬೀರಯ್ಯ ಮಗಳು ರಮ್ಯಾಳನ್ನು ಕರೆದುಕೊಂಡು ಕೆ.ಆರ್. ನಗರದ ಮೀನಿನ ಅಂಗಡಿಗೆ ಬಂದ. ತಿನ್ನುವ ಮೀನಲ್ಲ, ಗಾಜಿನ ತೊಟ್ಟಿಯಲ್ಲಿ ಸಾಕುವ ಮೀನು. ಮಗಳು ಗಂಡನ ಮನೆಯಿಂದ ಬಂದು ಕೂತು ತಿಂಗಳಾಗಿತ್ತು. ಮಾತಿಲ್ಲ, ಸರಿಯಾಗಿ ಊಟವಿಲ್ಲ. ಬಣ್ಣದ ಮೀನು ಕಂಡರೆ ಅವಳ ಮನಸ್ಸು ಅತ್ತ ತಿರುಗೀತು ಎಂದು ಅವನ ಎಣಿಕೆ.

"ಎಲ್ಲಾ ಬಣ್ಣದಲ್ಲೂ ಒಂದೊಂದು ಹಾಕಪ್ಪ," ಅಂದ, ಅಂಗಡಿಯ ಧರ್ಮೇಂದ್ರನಿಗೆ.

"ಅಂಗೆಲ್ಲ ಹಾಕಕ್ಕಾಗಲ್ಲ ಯಜಮಾನ್ರೇ. ಬಣ್ಣ ನೋಡಿ ತಗಂಡ್ರೆ ಕೆಡ್ತೀರಿ, ಗುಣ ಕೇಳ್ಬೇಕು. ಈ ಪಟ್ಟೆ ಪಟ್ಟೆದು ಟೈಗರ್ ಬಾರ್ಬು. ನೋಡಕ್ಕೆ ಚೆಂದ, ಬುದ್ಧಿ ಮಾತ್ರ ಕೆಟ್ಟದ್ದು. ಈ ಬಿಳೀದು ಏಂಜಲ್. ಇದುಕ್ಕೆ ಉದ್ದುದ್ದ ರೆಕ್ಕೆ ಅದೆಯಲ್ಲ, ಅದು ಕಂಡ್ರೆ ಸಾಕು, ಬಾರ್ಬು ಕಚ್ಚಿ ಕಚ್ಚಿ ಹರೀತದೆ. ಬಾರ್ಬು ಒಂಟಿ ಇದ್ರಂತೂ ಇನ್ನೂ ಜಾಸ್ತಿ."

"ಅಯ್ಯೋ ಬುಡಪ್ಪ. ರಾಗಿ ಹೊಲ್ದಲ್ಲಿ ನಾವು ಅಕ್ಕಡಿ ಸಾಲು ಹಾಕಕಿಲ್ವಾ? ಅವರೆ, ಜೋಳ, ಹುಚ್ಚೆಳ್ಳು ಎಲ್ಲ ರಾಗಿ ಜೊತೇಲೇ ಒಂದೇ ನೀರು ಕುಡ್ಕಂಡು ಬೆಳೀತವೆ. ಒಂದೇ ನೀರಲ್ಲಿದ್ರೆ ಇವೂ ಹೊಂದ್ಕತವೆ."

"ಅವರೆ ಗಿಡಕ್ಕೆ ಹಲ್ಲಿಲ್ಲ ಯಜಮಾನ್ರೇ," ಧರ್ಮೇಂದ್ರ ನಕ್ಕ.

"ಇದು ಬ್ಯಾಡ ಕಣಪ್ಪ," ಎಂದು ರಮ್ಯಾ ಪಟ್ಟೆ ಮೀನಿನತ್ತ ಕೈ ಚಾಚಿದಳು. ಬಿಸಿಲೇರಿದರೂ ತೆಗೆಯದ ಸ್ವೆಟರಿನ ತೋಳು ಹಿಂದಕ್ಕೆ ಸರಿಯಿತು. ಮುಂಗೈಯಿಂದ ಮೊಣಕೈವರೆಗೆ ಸಾಲಾಗಿ ಸುಟ್ಟ ಗುರುತು. ಧರ್ಮೇಂದ್ರ ನಗು ನಿಲ್ಲಿಸಿ ತಲೆ ತಗ್ಗಿಸಿದ. ಸಣ್ಣಬೀರಯ್ಯನೂ ಕಂಡ. ಕಂಡು, ಕಣ್ಣನ್ನು ಗಾಜಿನ ಕಡೆಗೆ ತಿರುಗಿಸಿ, "ಆ ಪಟ್ಟೆದೂ ಒಂದಿರ್ಲಿ," ಅಂದ.

ಮನೆಯ ತೊಟ್ಟಿಗೆ ಬಿಟ್ಟು ವಾರ ಕಳೆಯುವುದರೊಳಗೆ ಏಂಜಲ್ ಮೀನಿನ ರೆಕ್ಕೆ ಬೇಲಿಗೆ ಸಿಕ್ಕಿದ ಸೆರಗಿನಂತಾಯಿತು. ಮೇವು ಹಾಕಿದರೆ ಬರುತ್ತಿರಲಿಲ್ಲ, ಮೋಟಾರಿನ ಕೊಳವೆಯ ಹಿಂದೆ ಓರೆಯಾಗಿ ನಿಂತೇ ಇರುತ್ತಿತ್ತು. ಸಣ್ಣಬೀರಯ್ಯ ಸ್ಟೂಲು ಹಾಕಿಕೊಂಡು ನೋಡುತ್ತ ಕೂತ. ಕಡೆಗೆ ತಾಳದೆ, ಯಾರನ್ನೂ ಕೇಳದೆ, ಅದನ್ನು ಬೊಗಸೆಯಲ್ಲಿ ಹಿಡಿದು ಜಗಲಿಯ ಬಕೀಟಿಗೆ ಬಿಟ್ಟ. ಬೆಕ್ಕು ಬಾಯಿ ಹಾಕದಂತೆ ಮೇಲೆ ಬಿದಿರಿನ ಮಂಕರಿ ಮುಚ್ಚಿದ.

"ಪಾಪದ್ದು, ಓಡೋಗಾನ ಅಂದ್ರೆ ಸುತ್ತ ಗಾಜು," ಎಂದು ಹೆಂಡತಿಗೆ ಹೇಳಿದ.

"ಮೀನಿಗೆ ಬಾಣಂತನ ಮಾಡ್ತಾವ್ನೆ ನೋಡು ನಿಮ್ಮಪ್ಪ," ಎಂದಳು ಮಲ್ಲಾಜಮ್ಮ. ರಮ್ಯಾ ನಗಲಿಲ್ಲ.

ಶುಕ್ರವಾರ ಅಳಿಯ ಕಾಂತರಾಜುವಿನ ಫೋನು ಬಂತು. ಮಾತು ಮುಗಿಸಿ ಸಣ್ಣಬೀರಯ್ಯ ಒಳಗೆ ಬಂದ. ತಾಯಿ ಮಗಳು ಅವರೆಕಾಳು ಹಿತುಕುತ್ತ ಕೂತಿದ್ದರು.

"ಅಳಿಯಂದ್ರು ಇನ್ಮೇಲೆ ಕೈ ಎತ್ತಕಿಲ್ಲ ಅಂದವ್ರೆ. ಇವತ್ತೇ ಬಂದು ಕರ್ಕೊಂಡೋಯ್ತೀನಿ ಅಂದ್ರು."

"ಸುಕ್ರವಾರ ಮನೆ ಹೆಣ್ಮಗ್ಳ ಕಳಿಸಾರಾ?" ಮಲ್ಲಾಜಮ್ಮ ಗದರಿದಳು. "ಸೋಮವಾರ ಬರಾಕೇಳಿ."

ರಮ್ಯಾ ತಲೆ ಎತ್ತಲಿಲ್ಲ. "ಅಪ್ಪ, ಆ ಮೀನ ಯಾಕೆ ಈಚೆಗೆ ತಗ್ದೆ?"

"ಅಲ್ಲೇ ಬುಟ್ಟಿದ್ರೆ ಸತ್ತೋಗದು ಕಣವ್ವ."

"ಒಂದೇ ನೀರಲ್ಲಿದ್ರೆ ಹೊಂದ್ಕತವೆ ಅಂದಿದ್ದೆ?"

ಸಣ್ಣಬೀರಯ್ಯ ಹೆಗಲ ಮೇಲಿನ ಟವಲು ತೆಗೆದು ಕೊಡವಿದ, ಮತ್ತೆ ಹಾಕಿಕೊಂಡ. "ಅದು ಮೀನು ಕಣ್ ಮಗ. ಮನುಸ್ರು ವಸಿ ಹೊಂದ್ಕಂಡೋಗ್ಬೇಕು. ನಾಕು ಜನ ಏನಂದಾರು?"

ರಮ್ಯಾಳ ಬೆರಳ ಸಂದಿನಿಂದ ಕಾಳೊಂದು ಸಿಡಿದು ಬಾಗಿಲ ಬಳಿ ಬಿತ್ತು. ಮೂವರೂ ನೋಡಿದರು. ಯಾರೂ ಎತ್ತಲಿಲ್ಲ.

ಸೋಮವಾರ ಬೆಳಿಗ್ಗೆ ಕಾರು ಬಂದು ನಿಂತು ಹಾರನ್ನು ಹೊಡೆಯಿತು. ಕಾಂತರಾಜು ಕೆಳಗಿಳಿಯಲಿಲ್ಲ. ಮಲ್ಲಾಜಮ್ಮ ಮಗಳ ಹಣೆಗೆ ಕುಂಕುಮವಿಟ್ಟು, ಸೆರಗಿಗೆ ಅಕ್ಕಿ, ಬೆಲ್ಲ, ಕೊಬ್ಬರಿ ಹಾಕಿ ಮಡಿಲು ತುಂಬಿದಳು. ತುಂಬಿದ ಮಡಿಲನ್ನು ಒಂದು ಕೈಯಲ್ಲಿ ಹಿಡಿದುಕೊಂಡೇ ರಮ್ಯಾ ಜಗಲಿಗೆ ಹೋಗಿ ಮಂಕರಿ ಸರಿಸಿದಳು. ಏಂಜಲ್ ಮೀನನ್ನು ಚೊಂಬಿನಲ್ಲಿ ಎತ್ತಿಕೊಂಡು ಒಳಗೆ ಬಂದಳು. ರೆಕ್ಕೆ ಈಗಷ್ಟೇ ಚಿಗುರಿತ್ತು. ಅದನ್ನು ಹಾಗೇ ತೊಟ್ಟಿಗೆ ಸುರಿದಳು. ಮೂಲೆಯಲ್ಲಿದ್ದ ಪಟ್ಟೆ ಮೀನು ಮೆಲ್ಲಗೆ ಇತ್ತ ತಿರುಗಿತು.

"ಹೊಂದ್ಕತದೆ ಬುಡಪ್ಪ," ಎಂದು ಚೊಂಬನ್ನು ಕೆಳಗಿಟ್ಟು ಹೊರಟಳು.

"ಅಯ್ಯಯ್ಯೋ, ಏನವ್ವ ಮಾಡ್ದೆ!" ಸಣ್ಣಬೀರಯ್ಯ ಅಂಗಿ ತೋಳನ್ನೂ ಮಡಚದೆ ಕೈಯನ್ನು ತೊಟ್ಟಿಯಲ್ಲಿ ಮುಳುಗಿಸಿದ. ಮೀನು ಕೊಳವೆಯ ಹಿಂದೆ ಸೇರಿಕೊಂಡಿತ್ತು. ಅವನ ಕೈಯೂ ಅದಕ್ಕೆ ಹಲ್ಲಿನಂತೆ ಕಂಡಿತೋ ಏನೋ, ಹಿಡಿದಷ್ಟೂ ಜಾರಿತು. ಕಡೆಗೂ ಮುಷ್ಟಿಗೆ ಸಿಕ್ಕಿತು. ನೀರು ಸುರಿಸುತ್ತ ಅವನು ಬಾಗಿಲಿಗೆ ಓಡಿ ಬಂದ. ಹೊಸ್ತಿಲ ಮೇಲೆ ಮಡಿಲಿನಿಂದ ಉದುರಿದ ನಾಲ್ಕು ಅಕ್ಕಿಕಾಳಿದ್ದವು. ಬೀದಿಯಲ್ಲಿ ಬರೀ ಧೂಳಿತ್ತು.

ರಮ್ಯಾ ಹೋದದ್ದು ಸೋಮವಾರ. ಒಳ್ಳೆಯ ದಿನ.