ಮೊದಲ ಕರೆ

ತೊಡೆಯ ಮೇಲಿದ್ದ ಮಗು ಹಿಂದಕ್ಕೆ ತಿರುಗಿ, ತಾಯಿಯ ಗಲ್ಲ ಹಿಡಿದು "ಅಮ್ಮಾ" ಎಂದಿತು. ತಾಯಿಗೆ ಕೇಳಿಸಲಿಲ್ಲ. ಮಕ್ಕಳು ಮಾತು ಕಲಿಯುವ ಬಗೆಯನ್ನು ಅರಿಯುವ ಪ್ರಯೋಗವದು; ತಾಯಿ ಮಗುವಿಗೆ ಅಪ್ಪಿತಪ್ಪಿಯೂ ಸುಳಿವು ಕೊಡಬಾರದೆಂಬುದು ಅದರ ನಿಯಮ. ಅವಳು ಕಣ್ಣು ಮುಚ್ಚಿ, ಹೆಡ್‌ಫೋನಿನಲ್ಲಿ ಜೋರಾಗಿ ಹಾಡು ಕೇಳುತ್ತ ಕೂತಿದ್ದಳು. ಕೇಳಿಸಿಕೊಂಡವಳು ಗಾಜಿನಾಚೆಯ ಸಂಶೋಧಕಿ ಒಬ್ಬಳೇ.

"ಕಾಗೇನೂ ಕರೀತಾಳೆ, ನನ್ನೊಬ್ಬಳನ್ನ ಬಿಟ್ಟು," ಎಂದು ಬರುವಾಗಲಷ್ಟೇ ತಾಯಿ ನಗುನಗುತ್ತಲೇ ಅಲವತ್ತುಕೊಂಡಿದ್ದಳು. ಸಂಶೋಧಕಿ ಹೇಳಿಬಿಡೋಣವೆಂದು ದಡಕ್ಕನೆ ಎದ್ದಳು. ಎದ್ದವಳು ಹಾಗೇ ನಿಂತಳು. ಹಿಂದೊಂದು ಸಂಜೆ ತಾನು ಕೆಲಸ ಮುಗಿಸಿ ಮನೆ ಸೇರಿದಾಗ ಮಗನನ್ನು ನೋಡಿಕೊಳ್ಳುತ್ತಿದ್ದ ಆಯಾ ಬಾಗಿಲಲ್ಲೇ ಖುಷಿ ತಡೆಯಲಾರದೆ ಕೂಗಿದ್ದಳು: "ಪುಟ್ಟ ಇವತ್ತು ಅಮ್ಮಾ ಅಂದ್ಬಿಟ್ಟ ಅಕ್ಕಾ!" ಆಮೇಲೆ ಮಗ ಸಾಕುಸಾಕೆನ್ನುವಷ್ಟು ಕರೆದಿದ್ದಾನೆ. ಆದರೂ ಕಂಡವರ ಮಕ್ಕಳ ತೊದಲನ್ನೆಲ್ಲ ಕೇಳುವ ಅವಳ ಕಿವಿ, ತಾನಿಲ್ಲದಾಗ ಬಂದುಹೋದ ಆ ಒಂದು ಕರೆಗೆ ಇಂದಿಗೂ ಹಂಬಲಿಸುತ್ತದೆ.

ಪ್ರಯೋಗ ಮುಗಿದು ಸಂಶೋಧಕಿ ಒಳಗೆ ಬಂದಾಗ ತಾಯಿ ಹೆಡ್‌ಫೋನ್ ತೆಗೆದಳು. "ಏನಾದ್ರೂ ಅಂದ್ಳಾ ಮೇಡಂ?"

"ಏನೋ ಅದೂ ಇದೂ," ಎಂದಳು ಸಂಶೋಧಕಿ, ಮುಖ ತಿರುಗಿಸಿ ವೈರು ಸುತ್ತುತ್ತ.

ಮಗುವನ್ನು ಕೆಳಗಿಳಿಸಿ ಬಾಗಿಲ ಹೊರಗೆ ಚಪ್ಪಲಿ ಮೆಟ್ಟುತ್ತಿದ್ದ ತಾಯಿ ಇದ್ದಕ್ಕಿದ್ದಂತೆ ಕಿರುಚಿದಳು. "ಮೇಡಂ, ಬನ್ನಿ ಬೇಗ! ಅಮ್ಮಾ ಅಂದ್ಳು! ನನ್ನೇ ಕರೆದ್ಳು!"

ಸಂಶೋಧಕಿ ವೈರು ಬಿಸುಟು ಓಡಿ ಬಂದಳು. ಏನೂ ಅರಿಯದವಳಂತೆ ಕಣ್ಣರಳಿಸಿ ಕೇಳಿದಳು: "ಹೌದಾ! ಮೊದಲ್ನೇ ಸಲಾನಾ?"