ನೂರ ಹದಿನೆಂಟನೇ ಹಸಿರು

ಸ್ನಾನ ಮುಗಿಸಿ ಬಂದು ಬೀರುವಿನ ಬಾಗಿಲು ತೆರೆದ ಮಾನ್ಯ ಹಾಗೇ ನಿಂತುಬಿಟ್ಟಳು. ಗಿಣಿಹಸಿರಿಗೂ ಬಾಳೆಲೆ ಹಸಿರಿಗೂ ನಡುವೆ ಇರಬೇಕಾಗಿದ್ದ ರವಿಕೆ ಕಣ ಮಾಯವಾಗಿತ್ತು.

"ಅಮ್ಮಾ, ನೂರ ಹದಿನೆಂಟು ಎಲ್ಲಿ?"

ಅಡುಗೆಮನೆಯಿಂದ ಮಹಾನಂದ ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಬಂದರು. "ನೀನು ಸ್ನಾನಕ್ಕೆ ಹೋಗಿದ್ದಾಗ ಎದುರುಮನೆ ಶಕುಂತಲಮ್ಮ ಬಂದಿದ್ರು ಕಣೇ. ಶುಕ್ರವಾರ ಬೇರೆ, ಬರೀ ಕುಂಕುಮ ಕೊಟ್ಟು ಕಳ್ಸಕ್ಕಾಗುತ್ತಾ? ನನ್ನ ಹತ್ರ ಒಂದು ಬ್ಲೌಸ್ ಪೀಸೂ ಇರ್ಲಿಲ್ಲ. ನೀನು ಇನ್ನೂರು ಇಟ್ಕೊಂಡಿದೀಯ, ಒಂದು ಹೋದ್ರೆ ಏನಾಯ್ತು?"

"ಇನ್ನೂರ ಹದಿನಾಲ್ಕಿತ್ತು. ಈಗ ಸಾಲಲ್ಲಿ ಗ್ಯಾಪ್ ಇದೆ."

ಮಲ್ಲೇಶ್ವರದ ಆ ಬೀದಿಯಲ್ಲಿ ತಾಂಬೂಲದ ರವಿಕೆ ಕಣವನ್ನು ಯಾರೂ ಹೊಲಿಸಿಕೊಳ್ಳುವುದಿಲ್ಲ. ಒಂದು ಮನೆಯಿಂದ ಹೊರಟದ್ದು ಹತ್ತು ಮನೆ ಸುತ್ತಿ, ಮತ್ತಿಕೆರೆಯ ನೆಂಟರನ್ನೂ ಮಾತಾಡಿಸಿಕೊಂಡು, ಹೊರಟಲ್ಲಿಗೇ ಬಂದು ಸೇರುತ್ತದೆ. ಆ ಅಲೆದಾಟ ನಿಲ್ಲುತ್ತಿದ್ದದ್ದು ಮಾನ್ಯಳ ಬೀರುವಿನಲ್ಲಿ ಮಾತ್ರ. ಹೊಸ ಬಣ್ಣದ ಕಣ ಬಂದರೆ ಅದು ಅವಳದು, ಇರುವ ಬಣ್ಣವೇ ಮತ್ತೆ ಬಂದರೆ ಅಮ್ಮನದು ಎಂದು ಎಂದೋ ಒಪ್ಪಂದವಾಗಿತ್ತು. ಬಂದ ಕ್ರಮದಲ್ಲಿ ನಂಬರು, ಬಣ್ಣದ ಕ್ರಮದಲ್ಲಿ ಜಾಗ. ಬಿಳಿಯಿಂದ ಶುರುವಾಗಿ ಕೆನೆ, ನಿಂಬೆ, ಅರಿಶಿನ ಎಂದು ಚೂರುಚೂರೇ ಗಾಢವಾಗುತ್ತಾ ಕೊನೆಗೆ ಕಾಡಿಗೆ ಕಪ್ಪನ್ನು ಮುಟ್ಟುವ ಸಾಲು. ದಿನಾ ಸಂಜೆ ಆರಕ್ಕೆ ಅವಳು ಆ ಮಡಿಕೆಗಳ ಅಂಚಿನ ಮೇಲೆ ಬೆರಳು ಹರಿಸಿಕೊಂಡು ಹೋಗುವಳು. ರಸ್ತೆಯ ಹಾರ್ನು, ಪಕ್ಕದ ಮನೆಯ ಮಿಕ್ಸಿ, ಆಫೀಸಿನಲ್ಲಿ ಯಾರೋ ಅರ್ಧಕ್ಕೇ ನಿಲ್ಲಿಸಿದ ಮಾತು, ಎಲ್ಲವೂ ದೂರ ಸರಿದು ಅಂಗಾಲಿನಿಂದ ಖುಷಿ ಏರಿ ಬರುತ್ತಿತ್ತು. ಎರಡು ವರ್ಷದ ಕೆಳಗೆ ಡಾಕ್ಟರು ಆಟಿಸಂ ಎಂದು ಹೆಸರು ಹೇಳಿದಾಗ ಮಹಾನಂದ ಅತ್ತಿದ್ದರು. ಮಾನ್ಯಳಿಗೆ ಮಾತ್ರ ಎಲ್ಲೂ ಸೇರದೆ ಉಳಿದಿದ್ದ ಒಂದು ಬಣ್ಣಕ್ಕೆ ಕಡೆಗೂ ಜಾಗ ಸಿಕ್ಕಿದಷ್ಟು ಸಮಾಧಾನವಾಗಿತ್ತು.

ಈ ಸಂಜೆ ಬೆರಳು ನಡುವೆ ಹಳ್ಳಕ್ಕೆ ಬೀಳುತ್ತದೆ. "ಅದು ವಾಪಸ್ ಬೇಕು," ಎಂದಳು.

"ಕೊಟ್ಟಿದ್ದನ್ನ ವಾಪಸ್ ಕೇಳ್ತಾರೇನೇ? ಮಾನ ಹೋಗುತ್ತೆ. ಸಂಪಿಗೆ ರೋಡಲ್ಲಿ ಅಂಥದೇ ಹಸಿರಿಂದು ತಂದ್ಕೊಡ್ತೀನಿ, ಬಿಡು."

"ಅದೇ ಹಸಿರು ಸಿಗಲ್ಲ. ಸಿಕ್ಕಿದ್ರೂ ಅದರಲ್ಲಿ ಚೀಟಿ ಇರಲ್ಲ."

"ಯಾವ ಚೀಟಿ?"

"ಮಡಿಕೆ ಒಳಗಿನ ಚೀಟಿ. ಎಲ್ಲದರಲ್ಲೂ ಇಟ್ಟಿದೀನಿ. ತಾರೀಖು, ಕೊಟ್ಟವರ ಹೆಸರು, ಆಮೇಲೆ ಅದರ ಬಗ್ಗೆ ಮನೇಲಿ ಆಡಿದ ಮಾತು." ಮಾನ್ಯ ಕಣ್ಣು ಮುಚ್ಚಿ ಪಾಠದಂತೆ ಒಪ್ಪಿಸಿದಳು. "ನೂರ ಹದಿನೆಂಟು. ಎರಡು ಸಾವಿರದ ಹತ್ತೊಂಬತ್ತು, ಮಾರ್ಚ್ ಎಂಟು, ಶುಕ್ರವಾರ. ಕೊಟ್ಟವರು, ಎದುರುಮನೆ ಶಕುಂತಲಮ್ಮ ಆಂಟಿ. ಅವರು ಹೋದ ಮೇಲೆ ಅಮ್ಮ ಹೇಳಿದ್ದು, 'ಸೊಳ್ಳೆ ಪರದೆ ಇದಕ್ಕಿಂತ ದಪ್ಪ ಇರುತ್ತೆ. ಎಂಥಾ ಜುಗ್ಗಿ ಈಯಮ್ಮ!'"

ಮಹಾನಂದ ಹಣೆ ಚಚ್ಚಿಕೊಂಡರು. "ಅವರು ಕೊಟ್ಟಿದ್ದನ್ನೇ ಅವರಿಗೆ ಕೊಟ್ನಾ? ಅದೂ ಚೀಟಿ ಸಮೇತ? ನಡಿಯೇ, ಬೇಗ ನಡಿ, ಅವರು ಬಿಚ್ಚಿ ನೋಡೋಷ್ಟರಲ್ಲಿ ಇಸ್ಕೊಂಡ್ ಬಂದ್ಬಿಡೋಣ!"

ಅವರು ಚಪ್ಪಲಿ ಹುಡುಕುವಷ್ಟರಲ್ಲೇ ಗೇಟು ಕಿರ್ರೆಂದಿತು. ಬಾಗಿಲಲ್ಲಿ ಶಕುಂತಲಮ್ಮ. ಒಂದು ಕೈಯಲ್ಲಿ ಹಸಿರು ಕಣ, ಇನ್ನೊಂದರಲ್ಲಿ ಚೀಟಿ, ಮೂಗಿನ ಮೇಲೆ ಕನ್ನಡಕ.

"ಇದು ಯಾರ ಅಕ್ಷರ?"

"ನಂದು ಆಂಟಿ," ಎಂದು ಮಾನ್ಯ ಎರಡೂ ಕೈ ಚಾಚಿದಳು. "ಅದೂ ನಂದೇ. ಅಮ್ಮ ಕೇಳದೆ ತಗೊಂಡು ಕೊಟ್ಬಿಟ್ರು. ನೀವು ಮಡಿಕೆ ಬೇರೆ ಬಿಚ್ಚಿದೀರಿ. ಸಾಲಲ್ಲಿ ಅದರ ಜಾಗ ಖಾಲಿ ಇದೆ."

"ಯಾವ ಸಾಲು? ತೋರ್ಸು, ಅದನ್ನೂ ನೋಡೇಬಿಡ್ತೀನಿ!" ಎಂದು ಶಕುಂತಲಮ್ಮ ಜಗಳದ ದನಿಯಲ್ಲೇ ಒಳಗೆ ನುಗ್ಗಿದರು.

ಬೀರುವಿನ ಮುಂದೆ ಆ ದನಿ ಎಲ್ಲಿ ಹೋಯಿತೋ. ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ಬಿಳಿಯಿಂದ ಕಪ್ಪಿನವರೆಗೆ ಒಂದು ಸಲ ನೋಡಿದರು, ಕಪ್ಪಿನಿಂದ ಬಿಳಿಯವರೆಗೆ ಇನ್ನೊಂದು ಸಲ. "ಅಯ್ಯೋ ಶಿವನೇ, ಎಷ್ಟು ಚೆನ್ನಾಗಿದೆ," ಎಂದರು ಮೆಲ್ಲಗೆ. ಆಮೇಲೆ ಕೇಳಿದರು, "ಇದರಲ್ಲಿ ನಾನು ಕೊಟ್ಟಿದ್ದು ಎಷ್ಟಿದೆ?"

"ಒಂಬತ್ತು."

"ಒಂಬತ್ತಕ್ಕೂ ನಿಮ್ಮಮ್ಮ ಏನಾದ್ರೂ ಅಂದಿದಾರಾ?"

"ಏಳಕ್ಕೆ. ಎರಡು ಸಲ ಅಮ್ಮನಿಗೆ ಗಂಟಲು ಕಟ್ಟಿತ್ತು."

ಶಕುಂತಲಮ್ಮ ತುಟಿ ಬಿಗಿಹಿಡಿದು ನೋಡಿದರು, ಆಗಲಿಲ್ಲ. ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕು, ಕಣವನ್ನೂ ಚೀಟಿಯನ್ನೂ ಮಾನ್ಯಳ ಕೈಯಲ್ಲಿಟ್ಟರು.

ಮಾನ್ಯ ಕಣವನ್ನು ಮೂರು ಮಡಿಕೆ ಮಾಡಿ, ಅಂಗೈಯಿಂದ ನೀವಿ, ಜಾಗಕ್ಕೆ ಸೇರಿಸಿದಳು. ಬೆರಳು ಈ ತುದಿಯಿಂದ ಆ ತುದಿಗೆ ಎಲ್ಲೂ ತಡೆಯದೆ ಹರಿಯಿತು. ಅವಳ ಹಿಮ್ಮಡಿ ನೆಲ ಬಿಟ್ಟಿತು, ಎರಡೂ ಕೈಗಳು ಪಟಪಟ ಆಡಿದವು. ಬೇರೆಯವರ ಮುಂದೆ ಹಾಗೆ ಮಾಡಿದರೆ "ಕೈ ಇಳಿಸು" ಎನ್ನುವುದು ಮಹಾನಂದರ ಅಭ್ಯಾಸ. ಇವತ್ತು ಅವರು ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಕೂತಿದ್ದರು.

ಚೀಟಿ ಇನ್ನೂ ಹೊರಗೇ ಇತ್ತು. ಮಾನ್ಯ ಅದರ ಹಿಂಬದಿಯಲ್ಲಿ ಇವತ್ತಿನ ತಾರೀಖು ಬರೆದಳು. "ವಾಪಸ್ ತಂದವರು, ಶಕುಂತಲಮ್ಮ ಆಂಟಿ," ಎಂದು ಬರೆದಳು. ಮುಂದಿನ ಸಾಲಿಗೆ ಬಂದು ಪೆನ್ನು ನಿಲ್ಲಿಸಿ ತಲೆ ಎತ್ತಿದಳು.

"ಆಂಟಿ ಹೋದ ಮೇಲೆ ಏನ್ ಹೇಳ್ತೀಯಮ್ಮ? ಈಗಲೇ ಹೇಳ್ಬಿಡು, ಬರ್ಕೊಂಡು ಬೀರು ಮುಚ್ತೀನಿ."